ಪೂಲ್ ಕ್ಯೂಗೆ ಸರಿಯಾದ ಟಿಪ್ ಆರಿಸುವುದು ಹೇಗೆ

ಟಿಪ್ ಎಂದರೆ ಕ್ಯೂ ಕೋಲಿನ ತುದಿಯಲ್ಲಿ ಚೆಂಡಿಗೆ ತಾಗುವ, ಸಾಮಾನ್ಯವಾಗಿ ತೊಗಲಿನ, ಪುಟ್ಟ ತುಂಡು. ಅದನ್ನು ಕೊಳ್ಳುವ ಮುಂಚೆ ಅಳತೆ ತೆಗೆದುಕೊಳ್ಳಿ. ಶಾಫ್ಟ್‌ನ, ಅಂದರೆ ಕ್ಯೂನ ಸಪೂರವಾದ ಮುಂಭಾಗದ, ತುದಿಗೆ ತೊಡಿಸಿರುವ ಗಟ್ಟಿ ಉಂಗುರವೇ ಫೆರುಲ್. ಪೂಲ್ ಕ್ಯೂಗಳಲ್ಲಿ ಇದು ಹೆಚ್ಚಾಗಿ ಬಿಳಿ ಪ್ಲಾಸ್ಟಿಕ್ ಅಥವಾ ಫೈಬರ್‌ನದು, ಸ್ನೂಕರ್ ಕ್ಯೂಗಳಲ್ಲಿ ಹಿತ್ತಾಳೆಯದು. ಟಿಪ್ ಕೂರುವುದು ಇದರ ಮೇಲಾದ್ದರಿಂದ ಇದರ ವ್ಯಾಸ ತಿಳಿಯದೆ ಅಂಗಡಿಗೆ ಹೋಗಿ ಪ್ರಯೋಜನವಿಲ್ಲ. ವರ್ನಿಯರ್ ಕ್ಯಾಲಿಪರ್ ಇಲ್ಲದಿದ್ದರೆ ಕಾಗದದ ಪಟ್ಟಿಯೊಂದನ್ನು ಫೆರುಲ್‌ಗೆ ಬಿಗಿಯಾಗಿ ಸುತ್ತಿ, ಅಂಚು ಕೂಡುವಲ್ಲಿ ಪೆನ್ಸಿಲ್ ಗುರುತು ಹಾಕಿ, ಬಿಡಿಸಿ ಸ್ಕೇಲ್ ಇಟ್ಟು ನೋಡಿ. ಬಂದ ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆ. 41 ಮಿ.ಮೀ. ಹತ್ತಿರ ಬಂದರೆ ನಿಮ್ಮದು 13 ಮಿ.ಮೀ. ಶಾಫ್ಟ್, 39 ಬಂದರೆ 12.4.

ಪೂಲ್ ಶಾಫ್ಟ್‌ಗಳು ಬಹುಪಾಲು 11.75ರಿಂದ 13 ಮಿ.ಮೀ. ಒಳಗೇ ಇರುತ್ತವೆ. ಹಳೆಯ ಮೇಪಲ್ ಮರದ ಶಾಫ್ಟ್‌ಗಳು 13, ಪ್ರಿಡೇಟರ್ ಕಂಪನಿಯ 314 ಶಾಫ್ಟ್ 12.75, ಅದೇ ಕಂಪನಿಯ ಕಾರ್ಬನ್ ಶಾಫ್ಟ್‌ಗಳಲ್ಲಿ ಬಹಳ ಓಡುವುದು 12.4. ಸ್ನೂಕರ್ ಕ್ಯೂ ಆದರೆ 9.5 ಮಿ.ಮೀ. ಆಸುಪಾಸು. ಅಂತರರಾಷ್ಟ್ರೀಯ ಪೂಲ್ ನಿಯಮಗಳಲ್ಲಿ ಟಿಪ್ 14 ಮಿ.ಮೀ. ಮೀರುವಂತಿಲ್ಲ, ಕನಿಷ್ಠ ಮಿತಿ ಇಲ್ಲ.

ಫೆರುಲ್‌ಗಿಂತ ಅರ್ಧದಿಂದ ಒಂದು ಮಿ.ಮೀ. ದೊಡ್ಡ ಟಿಪ್ ಕೊಳ್ಳಬೇಕು. ಸರಿಸಮ ಅಳತೆಯದನ್ನು ತಂದರೆ ಅಂಟಿಸುವಾಗ ಕೂದಲೆಳೆಯಷ್ಟು ಸರಿದರೂ ಒಂದು ಬದಿಯಲ್ಲಿ ಫೆರುಲ್‌ನ ಅಂಚು ಬಯಲಾಗುತ್ತದೆ, ಆಮೇಲೆ ಅದನ್ನು ಸರಿಮಾಡುವ ದಾರಿಯೇ ಇಲ್ಲ. ಪೂಲ್‌ಗೆಂದು ಮಾರುವ ಟಿಪ್‌ಗಳು 13 ಇಲ್ಲವೇ 14 ಮಿ.ಮೀ.ಯಲ್ಲಿ ಬರುವುದು ಇದಕ್ಕೇ. 13ರ ಶಾಫ್ಟ್ ಇದ್ದರೆ 14ನ್ನೇ ಕೇಳಿ.

ಗಡಸು ಮತ್ತು ಸ್ಪಿನ್

ಮೆತ್ತನೆಯ ಟಿಪ್ ಹಾಕಿದರೆ ಸ್ಪಿನ್ ಹೆಚ್ಚು ಬರುತ್ತದೆ ಎನ್ನುವ ಮಾತು ಎಲ್ಲ ಪೂಲ್ ಪಾರ್ಲರ್‌ಗಳಲ್ಲೂ ಕೇಳಸಿಗುತ್ತದೆ. ಈ ಒಂದು ಮಾತನ್ನು ನಂಬಿ ತಪ್ಪು ಟಿಪ್ ಕೊಂಡವರೇ ಹೆಚ್ಚು. ಟಿಪ್ ಚೆಂಡಿಗೆ ತಾಗಿರುವುದು ಸೆಕೆಂಡಿನ ಸುಮಾರು ಸಾವಿರದ ಒಂದು ಭಾಗ. ಆ ಹೊತ್ತಿನಲ್ಲಿ ಚೆಂಡು ಎಷ್ಟು ತಿರುಗಬೇಕು ಎನ್ನುವುದನ್ನು ನಿರ್ಧರಿಸುವುದು ನೀವು ನಡುವಿನಿಂದ ಎಷ್ಟು ದೂರ ಹೊಡೆದಿರಿ ಮತ್ತು ಟಿಪ್ ಜಾರದೆ ಹಿಡಿಯಿತೋ ಇಲ್ಲವೋ ಎಂಬ ಎರಡೇ ಸಂಗತಿ. ಜಾರದಿದ್ದರೆ ಮೆತ್ತನೆಯ ಟಿಪ್ಪೂ ಗಟ್ಟಿ ಟಿಪ್ಪೂ ಒಂದೇ ಸ್ಪಿನ್ ಕೊಡುತ್ತವೆ.

ಎಷ್ಟು ದೂರದವರೆಗೆ ಜಾರುವುದಿಲ್ಲ? ಚಾಕ್ (ಜಾರದಂತೆ ಟಿಪ್‌ಗೆ ಹಚ್ಚುವ ಪುಡಿ) ಚೆನ್ನಾಗಿ ಹಚ್ಚಿದ ಟಿಪ್‌ಗೆ ಚೆಂಡಿನ ನಡುವಿನಿಂದ ಅರ್ಧ ತ್ರಿಜ್ಯದಷ್ಟು. ಪೂಲ್ ಚೆಂಡಿನ ವ್ಯಾಸ 57.15 ಮಿ.ಮೀ. ಆದ್ದರಿಂದ ಇದು ಸುಮಾರು 14 ಮಿ.ಮೀ. ಅದನ್ನು ದಾಟಿದರೆ ಎಷ್ಟೇ ದುಬಾರಿ ಟಿಪ್ ಇದ್ದರೂ ಜಾರಿ ಹೊಡೆತ ತಪ್ಪುತ್ತದೆ, ಅಂದರೆ ಮಿಸ್‌ಕ್ಯೂ ಆಗುತ್ತದೆ. ಈ ಗಡಿಯನ್ನು ಕಣ್ಣಾರೆ ನೋಡಬೇಕಿದ್ದರೆ 9 ಅಥವಾ 11ನೇ ನಂಬರಿನ ಪಟ್ಟೆ ಚೆಂಡನ್ನು ಕ್ಯೂ ಬಾಲ್ (ಕ್ಯೂನಿಂದ ಹೊಡೆಯುವ ಬಿಳಿ ಚೆಂಡು) ಜಾಗದಲ್ಲಿಟ್ಟು ಪಟ್ಟೆ ಅಡ್ಡಲಾಗಿ ನಿಲ್ಲುವಂತೆ ಮಾಡಿ. ಪಟ್ಟೆಯ ಮೇಲಿನ ಅಂಚು, ಕೆಳಗಿನ ಅಂಚು ಹೆಚ್ಚುಕಡಿಮೆ ಆ ಗಡಿಯಲ್ಲೇ ಇರುತ್ತವೆ. ಟಿಪ್‌ಗೆ ಚಾಕ್ ಹಚ್ಚಿ ಡ್ರಾ (ಚೆಂಡು ಹಿಂದಕ್ಕೆ ಬರುವಂತೆ ನಡುವಿನ ಕೆಳಗೆ ಹೊಡೆಯುವ ಪೆಟ್ಟು) ಹೊಡೆದು, ಚೆಂಡಿನ ಮೇಲೆ ಉಳಿದ ಚಾಕ್ ಗುರುತು ನೋಡಿ. ಡ್ರಾ ಬರುತ್ತಿಲ್ಲ ಎಂದು ಟಿಪ್ ಬದಲಿಸಲು ಹೊರಟವರ ಗುರುತು ಸಾಮಾನ್ಯವಾಗಿ ಪಟ್ಟೆಯ ನಡುವಿನ ಸಮೀಪವೇ ಬಿದ್ದಿರುತ್ತದೆ. ಅಂಥವರಿಗೆ ಹೊಸ ಟಿಪ್‌ಗಿಂತ ಅಭ್ಯಾಸ ಅಗ್ಗ.

ಹಾಗಾದರೆ ಗಡಸಿನಿಂದ ಬದಲಾಗುವುದೇನು? ಗಟ್ಟಿ ಟಿಪ್ ಹೊಡೆತದ ಶಕ್ತಿಯನ್ನು ಕಡಿಮೆ ನುಂಗುತ್ತದೆ, ಅದೇ ಕೈವೇಗಕ್ಕೆ ಚೆಂಡು ತುಸು ಜೋರಾಗಿ ಹೋಗುತ್ತದೆ. ಆಕಾರವನ್ನು ತುಂಬಾ ದಿನ ಉಳಿಸಿಕೊಳ್ಳುತ್ತದೆ. ಆದರೆ ಮೇಲ್ಮೈ ಬೇಗ ನುಣುಪಾಗಿ ಹೊಳೆಯತೊಡಗುತ್ತದೆ. ಹೊಳೆಯುವ ತೊಗಲಿಗೆ ಚಾಕ್ ಹತ್ತುವುದಿಲ್ಲ. ಮೆತ್ತನೆಯದು ಚಾಕ್ ಚೆನ್ನಾಗಿ ಹಿಡಿಯುತ್ತದೆ, ಸದ್ದು ಕಡಿಮೆ, ಮೆಲ್ಲನೆ ಹೊಡೆಯುವಾಗ ಹಿಡಿತ ಸಿಕ್ಕಂತೆ ಅನಿಸುತ್ತದೆ. ಅದರ ದೋಷವೆಂದರೆ ನಿಲ್ಲದ ಬದಲಾವಣೆ: ದಿನದಿನಕ್ಕೂ ಒತ್ತಿಕೊಳ್ಳುತ್ತಾ, ಬದಿಗೆ ಉಬ್ಬುತ್ತಾ, ಎರಡು ತಿಂಗಳ ಹಿಂದೆ ಕೈಗೆ ಅಭ್ಯಾಸವಾಗಿದ್ದ ಪೆಟ್ಟು ಈಗ ಬೇರೆಯೇ ಆಗಿರುತ್ತದೆ. ಮೆತ್ತನೆಯ ಟಿಪ್ ಆಡಾಡುತ್ತಾ ತಾನೇ ಮೀಡಿಯಂ ಆಗುತ್ತದೆ, ಎಷ್ಟೋ ಜನ ಆ ಹಂತದಲ್ಲೇ ಅದನ್ನು ಮೆಚ್ಚಿಕೊಳ್ಳುವುದು. ಅದರ ಬದಲು ಮೊದಲೇ ಮೀಡಿಯಂ ಕೊಳ್ಳಬಹುದಿತ್ತು.

ಬೆಂಗಳೂರಿನ ಕ್ಲಬ್ಬುಗಳಲ್ಲಿ ಸ್ನೂಕರ್ ಕಲಿತು ಪೂಲ್‌ಗೆ ಬಂದವರು ಇಲ್ಲಿ ಒಂದು ಎಚ್ಚರ ವಹಿಸಬೇಕು. ಸ್ನೂಕರ್‌ನಲ್ಲಿ ಎಲ್ಕ್ ಮಾಸ್ಟರ್‌ನಂಥ ಮೆತ್ತನೆಯ ಟಿಪ್‌ಗೆ ಕೈ ಒಗ್ಗಿರುತ್ತದೆ. ಆದರೆ ಪೂಲ್ ಚೆಂಡು 156ರಿಂದ 170 ಗ್ರಾಂ ತೂಗುತ್ತದೆ, ಸ್ನೂಕರ್ ಚೆಂಡಿಗಿಂತ ಭಾರ. ಜೊತೆಗೆ ಆಟ ಶುರುಮಾಡುವ ಬ್ರೇಕ್ ಹೊಡೆತಗಳೂ ಜೋರು. ಸ್ನೂಕರ್ ಮೇಜಿನ ಮೇಲೆ ತಿಂಗಳುಗಟ್ಟಲೆ ಬಂದ ಟಿಪ್ ಪೂಲ್ ಮೇಜಿನ ಮೇಲೆ ಬೇಗ ಚಪ್ಪಟೆಯಾದರೆ ಅದು ಟಿಪ್‌ನ ತಪ್ಪಲ್ಲ. ಒಂದು ದರ್ಜೆ ಗಟ್ಟಿಯದಕ್ಕೆ ಹೋಗಿ.

ಸಾಫ್ಟ್, ಮೀಡಿಯಂ, ಹಾರ್ಡ್ ಎಂಬ ಹೆಸರುಗಳಿಗೆ ಕಂಪನಿಗಳ ನಡುವೆ ಒಪ್ಪಂದವೇನೂ ಇಲ್ಲ. ಒಬ್ಬರ ಮೀಡಿಯಂ ಇನ್ನೊಬ್ಬರ ಹಾರ್ಡ್. ಒಂದು ಬ್ರ್ಯಾಂಡ್‌ನೊಳಗೆ ಹೋಲಿಸಲು ಈ ಹೆಸರು ಸಾಕು. ಬ್ರ್ಯಾಂಡ್ ಬದಲಿಸಿದಾಗ ಹೆಸರನ್ನು ಮರೆತು ಕೈಯಿಂದಲೇ ಪರೀಕ್ಷಿಸಿ.

ಒಂಟಿ ತುಂಡೋ, ಪದರವೋ

ಒಂಟಿ ತುಂಡಿನ ಟಿಪ್ ಎಂದರೆ ದಪ್ಪ ತೊಗಲಿನಿಂದ ಕತ್ತರಿಸಿ ಒತ್ತಿದ್ದು. ಷಿಕಾಗೋದ ಟ್ವೀಟನ್ ಕಂಪನಿಯ ಎಲ್ಕ್ ಮಾಸ್ಟರ್, ಟ್ರಯಾಂಗಲ್, ಲೆ ಪ್ರೊಫೆಷನಲ್ ಈ ಬಗೆಯವು. ಎಲ್ಕ್ ಮಾಸ್ಟರ್ ನೀಲಿ ಬಣ್ಣದ ಮೆತ್ತನೆಯದು. ಟ್ರಯಾಂಗಲ್ ಮತ್ತು ಲೆ ಪ್ರೊ ಮೀಡಿಯಂನಿಂದ ಗಟ್ಟಿಯ ಕಡೆಗೆ. ಬ್ಲೂ ಡೈಮಂಡ್ ಕೂಡ ಇದೇ ಮನೆಯದು, ಎಲ್ಕ್ ಮಾಸ್ಟರ್‌ಗಿಂತ ತುಸು ಗಟ್ಟಿ. ಇವು 50ರ ಡಬ್ಬಿಯಲ್ಲಿ ಬರುತ್ತವೆ, ಬಿಡಿಯಾಗಿಯೂ ಸಿಗುತ್ತವೆ.

ಪದರದ ಟಿಪ್ ಎಂದರೆ ತೆಳು ತೊಗಲಿನ ಹಲವು ಹಾಳೆಗಳನ್ನು ಅಂಟಿನಿಂದ ಕೂಡಿಸಿ ಒತ್ತಿದ್ದು. ಜಪಾನಿನ ಮೂರಿ ಮತ್ತು ಕಮೂಯಿ, ಅಮೆರಿಕದ ಟೈಗರ್, ಥಾಯ್ಲೆಂಡಿನ ತಲಿಸ್ಮನ್ ಹೆಸರಾದವು. ಮೂರಿ, ಕಮೂಯಿಗಳಲ್ಲಿ ಬಳಸುವುದು ಹಂದಿ ತೊಗಲು. ಅದು ಬೇಡ ಎನ್ನುವವರು ಕೊಳ್ಳುವ ಮುಂಚೆ ಕೇಳಿ ತಿಳಿಯುವುದು ಒಳ್ಳೆಯದು, ಪೊಟ್ಟಣದ ಮೇಲೆ ಯಾವಾಗಲೂ ಬರೆದಿರುವುದಿಲ್ಲ.

ಪದರದ ಟಿಪ್‌ಗೆ ಹೆಚ್ಚು ದುಡ್ಡು ಕೊಡುವುದಕ್ಕೆ ನಿಜವಾದ ಕಾರಣ ಒಂದೇ: ಒಂದರಂತೆ ಇನ್ನೊಂದು ಇರುತ್ತದೆ. ಪ್ರಾಣಿಯ ತೊಗಲು ಬೆನ್ನಿನ ಕಡೆ ಒಂದು ಬಗೆ, ಹೊಟ್ಟೆಯ ಕಡೆ ಇನ್ನೊಂದು ಬಗೆ ಇರುವುದರಿಂದ ಒಂಟಿ ತುಂಡಿನ ಒಂದೇ ಡಬ್ಬಿಯಲ್ಲಿ ಕಲ್ಲಿನಂಥದ್ದೂ ಸ್ಪಂಜಿನಂಥದ್ದೂ ಸಿಗುತ್ತದೆ. ಹಲವು ಹಾಳೆ ಕೂಡಿಸಿದಾಗ ಈ ವ್ಯತ್ಯಾಸ ಸರಾಸರಿಯಾಗಿ ಹೋಗುತ್ತದೆ. ಪದರದವು ಬದಿಗೆ ಉಬ್ಬುವುದೂ ಕಡಿಮೆ. ಕೆಟ್ಟಾಗ ಮಾತ್ರ ಇವು ಕೆಡುವ ರೀತಿ ಬೇರೆ: ಹಾಳೆಗಳ ನಡುವೆ ಬಿರುಕು ಬಿಟ್ಟು ಮೇಲಿನ ಪದರ ಸಿಪ್ಪೆಯಂತೆ ಏಳುತ್ತದೆ. ಎದ್ದ ಪದರವೊಂದನ್ನು ಉಜ್ಜಿ ತೆಗೆದು ಕೆಳಗಿನದರ ಮೇಲೆ ಆಡಬಹುದು, ದಪ್ಪ ಉಳಿದಿದ್ದರೆ. ಹೆಸರಾದ ಬ್ರ್ಯಾಂಡ್‌ಗಳ ನಕಲಿಗಳು ಮಾರುಕಟ್ಟೆಯಲ್ಲಿ ಇವೆ. ಎಲ್ಲೆಡೆಯ ಬೆಲೆಗಿಂತ ಅರ್ಧಕ್ಕೆ ಸಿಕ್ಕ ಕಮೂಯಿಯ ಮೇಲೆ ಅನುಮಾನವಿರಲಿ.

ಒಂಟಿ ತುಂಡನ್ನು ಡಬ್ಬಿಯಿಂದ ಆರಿಸುವುದೇ ಒಂದು ಕೆಲಸ, ಅದನ್ನು ಮಾಡಿದರೆ ಅಗ್ಗದ ಟಿಪ್ ದುಬಾರಿಯದಕ್ಕೆ ಸಾಟಿಯಾಗಬಲ್ಲದು. ಮೊದಲು ಕಣ್ಣು: ಬದಿಯಲ್ಲಿ ತೊಗಲಿನ ಎಳೆಗಳು ಒತ್ತೊತ್ತಾಗಿರಬೇಕು, ಬಿರುಕು, ತೂತು, ನಾರು ಎದ್ದದ್ದು ಇರಬಾರದು. ಆಮೇಲೆ ಕಿವಿ: ಗಾಜಿನ ಮೇಲೋ ಗ್ರಾನೈಟ್ ಕಟ್ಟೆಯ ಮೇಲೋ ಅಂಗೈ ಎತ್ತರದಿಂದ ಒಂದೊಂದನ್ನೇ ಬೀಳಿಸಿ. ಗಟ್ಟಿಯದು ಟಣ್ ಎಂದು ಪುಟಿಯುತ್ತದೆ, ಮೆತ್ತನೆಯದು ದಪ್ ಎಂದು ಬಿದ್ದಲ್ಲೇ ಕೂರುತ್ತದೆ. ಹತ್ತು ಟಿಪ್ ಬೀಳಿಸುವಷ್ಟರಲ್ಲಿ ವ್ಯತ್ಯಾಸ ಕಿವಿಗೆ ಸ್ಪಷ್ಟ. ಕೊನೆಗೆ, ಆಭರಣ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ಇದ್ದರೆ ಒಂದೇ ಅಳತೆಯವನ್ನು ತೂಗಿ. ಭಾರದ್ದರಲ್ಲಿ ತೊಗಲು ದಟ್ಟವಾಗಿರುತ್ತದೆ, ಬಾಳಿಕೆಯೂ ಹೆಚ್ಚು. ಉಗುರಿನಿಂದ ಬದಿಯನ್ನು ಒತ್ತಿ ನೋಡುವುದೂ ಉಂಟು: ಗುರುತು ಆಳವಾಗಿ ಉಳಿದರೆ ಅದು ಬೇಗ ಉಬ್ಬುವ ಸರಕು.

ಎಲ್ಕ್ ಮಾಸ್ಟರನ್ನು ಹಾಲಿನಲ್ಲಿ ನೆನೆಸಿ, ವೈಸ್‌ನಲ್ಲಿ ಬಿಗಿಯಾಗಿ ಒತ್ತಿಟ್ಟು ಒಣಗಿಸಿ ಗಟ್ಟಿ ಮಾಡುವ ಹಳೆಯ ಪದ್ಧತಿ ಅಮೆರಿಕದ ಆಟಗಾರರಲ್ಲಿದೆ. ಮಾಡಿ ನೋಡಬಯಸುವವರು ಪೂರ್ತಿ ಒಣಗುವವರೆಗೆ ಕಾಯಬೇಕು. ನಡುವೆ ಹಸಿ ಉಳಿದ ಟಿಪ್‌ಗೆ ಅಂಟು ಹಿಡಿಯುವುದಿಲ್ಲ.

ಯಾರಿಗೆ ಯಾವುದು

ಮೊದಲ ಸಲ ಸ್ವಂತ ಕ್ಯೂ ಕೊಂಡವರು ಮೀಡಿಯಂ ಪದರದ ಟಿಪ್ ಹಾಕಿಸಿಕೊಳ್ಳಿ. ಕೈಯ ಹೊಡೆತ ಇನ್ನೂ ನೆಲೆ ನಿಂತಿರದಾಗ ಬದಲಾಗದ ಟಿಪ್ ಬೇಕು, ತಪ್ಪು ಕೈಯದೋ ಟಿಪ್‌ನದೋ ಎಂದು ಆಗ ಗೊತ್ತಾಗುತ್ತದೆ. ಅಷ್ಟು ಖರ್ಚು ಬೇಡವೆನ್ನುವವರಿಗೆ ಟ್ರಯಾಂಗಲ್ ಅಥವಾ ಲೆ ಪ್ರೊ ಸಾಕು. ವಾರಕ್ಕೆ ಎರಡು ಸಲ ಆಡಿ ಕ್ಯೂ ಮೂಲೆಗಿಡುವವರು, ಅಂದರೆ ಟಿಪ್ ಆರೈಕೆಗೆ ಪುರಸೊತ್ತಿಲ್ಲದವರು, ಮೆತ್ತನೆಯದನ್ನು ತರಲೇಬಾರದು. ಮೆಲ್ಲನೆಯ ಕೈಯವರು, ಚೆಂಡನ್ನು ಇಂಚಿಂಚು ಇಳಿಸಿ ಆಡುವವರು, ಟಿಪ್ ತಿದ್ದುವುದನ್ನು ಬೇಸರವಿಲ್ಲದೆ ಮಾಡುವವರು ಸಾಫ್ಟ್‌ಗೆ ಹೋಗಬಹುದು.

ಬ್ರೇಕ್ ಕ್ಯೂ ಬೇರೆ ಇಟ್ಟುಕೊಂಡಿದ್ದರೆ ಅದಕ್ಕೆ ಆದಷ್ಟು ಗಟ್ಟಿ ತೊಗಲು ಇಲ್ಲವೇ ಫಿನಾಲಿಕ್. ಫಿನಾಲಿಕ್ ತೊಗಲಲ್ಲ, ರಾಳದಲ್ಲಿ ಬೇಯಿಸಿದ ಗಟ್ಟಿ ತಟ್ಟೆ. ಅದೇ ಹೊಡೆತಕ್ಕೆ ಚೆಂಡು ಇನ್ನಷ್ಟು ವೇಗವಾಗಿ ಹೋಗುತ್ತದೆ, ಆದರೆ ಚಾಕ್ ಸರಿಯಾಗಿ ನಿಲ್ಲದ್ದರಿಂದ ನಡುವಿಗೆ ಹೊಡೆಯುವವರಿಗೆ ಮಾತ್ರ ಸರಿ. ಚೆಂಡನ್ನು ಹಾರಿಸಲು ಬಳಸುವ ಜಂಪ್ ಕ್ಯೂಗೆ ಇಂಥ ಗಟ್ಟಿ ಟಿಪ್ಪೇ ಬೇಕು, ಮೆತ್ತನೆಯದರಲ್ಲಿ ಚೆಂಡು ಹಾರುವುದು ಕಷ್ಟ. ಟೂರ್ನಿಗೆ ಹೋಗುವುದಿದ್ದರೆ ಫಿನಾಲಿಕ್‌ಗೆ ಅನುಮತಿ ಇದೆಯೇ ಎಂದು ಮೊದಲೇ ಕೇಳಿ. ಆಡುವ ಕ್ಯೂನಿಂದಲೇ ಬ್ರೇಕ್ ಹೊಡೆಯುವವರು ಮೀಡಿಯಂಗಿಂತ ಕೆಳಗಿಳಿಯದಿರುವುದು ಕ್ಷೇಮ.

ಪಬ್‌ಗಳಲ್ಲಿರುವ ಸ್ಕ್ರೂ ಹಾಕಿ ತಿರುಗಿಸುವ ಟಿಪ್‌ಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಸಡಿಲವಾಗುತ್ತವೆ, ಹೊಡೆದಾಗ ಲೊಟಕ್ ಎನ್ನುತ್ತವೆ. ಸ್ವಂತ ಕ್ಯೂಗೆ ಬೇಡ.

ದುಂಡು ಎಷ್ಟಿರಬೇಕು

ಟಿಪ್‌ನ ತಲೆ ಚಪ್ಪಟೆಯಾಗಿದ್ದರೆ ಸೈಡ್ ಹೊಡೆಯುವಾಗ, ಅಂದರೆ ಚೆಂಡಿನ ನಡು ಬಿಟ್ಟು ಬದಿಗೆ ಹೊಡೆಯುವಾಗ, ಅಂಚು ತಾಗುತ್ತದೆ, ಅಂಚು ತಾಗಿದರೆ ಜಾರುತ್ತದೆ. ಅಮೆರಿಕದಲ್ಲಿ ಇದಕ್ಕೆ ನಾಣ್ಯದ ಲೆಕ್ಕ: ನಿಕಲ್ ದುಂಡು, ಡೈಮ್ ದುಂಡು. ನಿಕಲ್ ನಾಣ್ಯದ ವ್ಯಾಸ 21.2 ಮಿ.ಮೀ., ಡೈಮ್‌ನದು 17.9. ನಮ್ಮ ಜೇಬಿನಲ್ಲಿ ನಿಕಲ್‌ಗೆ ಹತ್ತಿರವಿರುವುದು ಒಂದು ರೂಪಾಯಿ. 2011ರ ಸರಣಿಯದು ಸುಮಾರು 22 ಮಿ.ಮೀ., 2019ರ ಸರಣಿಯದು 20. ಟಿಪ್ಪನ್ನು ಬದಿಯಿಂದ ಬೆಳಕಿಗೆ ಹಿಡಿದು, ಹಿಂದೆ ನಾಣ್ಯವನ್ನಿಟ್ಟು ಎರಡರ ಬಾಗು ಕೂಡುತ್ತದೆಯೇ ನೋಡಿ. 12.5ರಿಂದ 13 ಮಿ.ಮೀ. ಶಾಫ್ಟ್‌ಗೆ ರೂಪಾಯಿಯ ಬಾಗು ಸರಿ. 12ಕ್ಕಿಂತ ಸಣ್ಣ ಶಾಫ್ಟ್‌ಗೆ ಇನ್ನೂ ದುಂಡಗೆ, ಡೈಮ್‌ನ ಸಮೀಪಕ್ಕೆ ತರಬಹುದು. ಅತಿ ದುಂಡು ಮಾಡಿದರೆ ನಡುವಿನ ಹೊಡೆತದಲ್ಲಿ ಸಣ್ಣ ತಪ್ಪೂ ದೊಡ್ಡದಾಗಿ ಕಾಣುತ್ತದೆ, ತೊಗಲೂ ವ್ಯರ್ಥ. ಬ್ರೇಕ್ ಕ್ಯೂಗೆ ಸ್ವಲ್ಪ ಚಪ್ಪಟೆ ಇದ್ದರೂ ನಡೆಯುತ್ತದೆ.

ಅಂಟಿಸುವಾಗ

ಒಳ್ಳೆಯ ಟಿಪ್ ಹಾಳಾಗುವುದು ಇಲ್ಲಿ. ಹಳೆಯ ಟಿಪ್ಪನ್ನು ಹೊಸ ಬ್ಲೇಡ್‌ನಿಂದ ತೆಳುವಾಗಿ ಕೊಯ್ದು ತೆಗೆದು, ಫೆರುಲ್ ಮೇಲೆ ಉಳಿದ ಅಂಟನ್ನು ಬ್ಲೇಡನ್ನು ನೆಟ್ಟಗೆ ಹಿಡಿದು ಕೆರೆಯಿರಿ. ಸ್ಯಾಂಡ್‌ಪೇಪರನ್ನು ಚಪ್ಪಟೆ ಮರದ ತುಂಡಿಗೆ ಅಂಟಿಸಿ ಫೆರುಲ್‌ನ ಮುಖವನ್ನು ಒಂದೆರಡು ಸಲ ಸವರಿದರೆ ಸಾಕು. ಬರಿಗೈಯಲ್ಲಿ ಉಜ್ಜಿದರೆ ಅಂಚು ದುಂಡಾಗಿ ಟಿಪ್ ನಡುವೆ ಮಾತ್ರ ಕೂರುತ್ತದೆ. ಟಿಪ್‌ನ ತಳವನ್ನು ಗಾಜಿನ ಮೇಲಿಟ್ಟ 150ರ ಆಸುಪಾಸಿನ ಸ್ಯಾಂಡ್‌ಪೇಪರ್ ಮೇಲೆ ಎಂಟರ ಆಕಾರದಲ್ಲಿ ಉಜ್ಜಿ. ಅಂಟು ಹಾಕುವ ಮೊದಲು ಎರಡನ್ನೂ ಜೋಡಿಸಿ ಬೆಳಕಿನ ಕಡೆ ಹಿಡಿದು ನೋಡಿ. ಎಲ್ಲಾದರೂ ಬೆಳಕಿನ ಗೆರೆ ಕಂಡರೆ ಮತ್ತೆ ಉಜ್ಜಬೇಕು. ಆ ಸಂದು ಹಾಗೇ ಉಳಿದರೆ ಟಿಪ್ ಒಂದು ದಿನ ಬ್ರೇಕ್ ಹೊಡೆತಕ್ಕೆ ಹಾರಿಹೋಗುತ್ತದೆ.

ಅಂಟು ಜೆಲ್ ರೂಪದ ಸೂಪರ್ ಗ್ಲೂ ಆಗಿರಲಿ. ಫೆವಿಕ್ವಿಕ್‌ನಲ್ಲೂ ಜೆಲ್ ಇದೆ. ನೀರಿನಂಥ ತೆಳು ಅಂಟು ತೊಗಲಿನೊಳಗೆ ಇಳಿದು ಕೆಳಭಾಗವನ್ನು ಗಾಜಿನಂತೆ ಗಟ್ಟಿ ಮಾಡುತ್ತದೆ, ಸಾಫ್ಟ್ ಕೊಂಡವರು ಹಾರ್ಡ್ ಹೊಡೆದಂತಾಗುತ್ತದೆ. ಕಡಲೆ ಕಾಳಿನ ಅರ್ಧದಷ್ಟು ಜೆಲ್ ಹಾಕಿ ಟಿಪ್ಪನ್ನು ತಿರುಗಿಸುತ್ತಾ ಕೂರಿಸಿ, ಸುತ್ತಲೂ ಸಮನಾಗಿ ಹೊರಚಾಚುವಂತೆ ನಡುವಿಗೆ ತಂದು ಒತ್ತಿ ಹಿಡಿಯಿರಿ. ಒಂದು ನಿಮಿಷಕ್ಕೆ ಹಿಡಿದಂತೆ ಅನಿಸಿದರೂ ಕಾಲು ಗಂಟೆ ಮುಟ್ಟಬೇಡಿ, ಆಡುವುದನ್ನು ಮರುದಿನಕ್ಕಿಡಿ.

ಬದಿ ಕತ್ತರಿಸಲು ಕ್ಯೂವನ್ನು ತಲೆಕೆಳಗು ಮಾಡಿ ಟಿಪ್ಪನ್ನು ಮರದ ಹಲಗೆಗೆ ಒತ್ತಿ, ಫೆರುಲ್‌ನಿಂದ ಹಲಗೆಯ ಕಡೆಗೆ ಬ್ಲೇಡ್ ಇಳಿಸಿ. ಎದುರು ದಿಕ್ಕಿನಲ್ಲಿ ಕೊಯ್ದರೆ ಪದರಗಳು ಕಿತ್ತು ಬರುತ್ತವೆ, ಫೆರುಲ್‌ಗೂ ಗೀರು ಬೀಳುತ್ತದೆ. ಒಂದೇ ಸಲಕ್ಕೆ ಸಮ ಮಾಡಲು ಹೋಗದೆ ಕೂದಲೆಳೆಯಷ್ಟು ಬಿಟ್ಟು, ಫೆರುಲ್‌ಗೆ ಎರಡು ಸುತ್ತು ಮಾಸ್ಕಿಂಗ್ ಟೇಪ್ ಹಾಕಿ, 400ರ ನಂತರ 600ರ ಸ್ಯಾಂಡ್‌ಪೇಪರ್‌ನಿಂದ ಸಮಕ್ಕೆ ತನ್ನಿ. ಬದಿಗೆ ಬೆರಳಿನಿಂದ ತುಸು ನೀರು ಸವರಿ ತೊಗಲಿನ ತುಂಡಿನಿಂದ ಬಿಸಿಯೇರುವಷ್ಟು ಜೋರಾಗಿ ಉಜ್ಜಿದರೆ ಬದಿ ಹೊಳಪೇರಿ ಗಟ್ಟಿಯಾಗುತ್ತದೆ. ಈ ಗಟ್ಟಿ ಗೋಡೆಯೇ ಟಿಪ್ ಅಣಬೆಯಂತೆ ಹೊರಚೆಲ್ಲದಂತೆ ತಡೆಯುವುದು; ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆಯೂ ಇದೇ. ಕೊನೆಗೆ ಟಿಪ್‌ನ ತಲೆಯನ್ನು ಬಾಗಿಗೆ ತರುವ ಶೇಪರ್ ಎಂಬ ಉಪಕರಣದಲ್ಲಿ ದುಂಡು.

ಕಾರ್ಬನ್ ಶಾಫ್ಟ್ ಇರುವವರು ಇದನ್ನು ಮೊದಲ ಸಲ ಮನೆಯಲ್ಲಿ ಮಾಡಬೇಡಿ. ಕೆಲವು ಕಾರ್ಬನ್ ಶಾಫ್ಟ್‌ಗಳಲ್ಲಿ ಮಾಮೂಲಿ ಫೆರುಲ್ ಇರುವುದಿಲ್ಲ, ಟಿಪ್ ಕೂರುವುದು ತೆಳು ತಟ್ಟೆಯೊಂದರ ಮೇಲೆ. ಹಳೆ ಅಂಟು ತೆಗೆಯುವ ಭರದಲ್ಲಿ ಆ ತಟ್ಟೆಯನ್ನೇ ಸವೆಸಿದರೆ ರಿಪೇರಿಯ ಖರ್ಚು ಟಿಪ್‌ನ ಖರ್ಚನ್ನು ಎಷ್ಟೋ ಮೀರುತ್ತದೆ.

ಆಮೇಲಿನ ಆರೈಕೆ

ಹೊಸ ಟಿಪ್ ಮೊದಲ ಕೆಲವು ಗಂಟೆಗಳ ಆಟದಲ್ಲಿ ಒತ್ತಿಕೊಂಡು ಚಪ್ಪಟೆಯಾಗುವುದು ಸಹಜ. ಒಮ್ಮೆ ದುಂಡು ತಿದ್ದಿ, ಬದಿಗೆ ಉಬ್ಬಿದ್ದನ್ನು ಉಜ್ಜಿ. ಆಮೇಲೆ ದಿನವೂ ಕೆರೆಯುವ ಚಟ ಬೇಡ, ಟಿಪ್ ಸವೆಯುವುದು ಆಟಕ್ಕಿಂತ ಹೆಚ್ಚಾಗಿ ಅದರಿಂದಲೇ. ಚಾಕ್ ಹಚ್ಚಿ ಬೆಳಕಿನಲ್ಲಿ ನೋಡಿ: ಹೊಳೆಯುವ ಬೋಳು ಜಾಗ ಕಂಡರೆ ಮಾತ್ರ ಸ್ಕಫರ್ (ಟಿಪ್ಪನ್ನು ಒರಟು ಮಾಡುವ ಉಪಕರಣ) ಅಥವಾ ಒರಟು ಸ್ಯಾಂಡ್‌ಪೇಪರನ್ನು ಟಿಪ್ ಮೇಲೆ ಒತ್ತಿ ಹೊರಳಿಸಿ. ಇಂದಿನ ಚಾಕ್ ನಿಜವಾದ ಸೀಮೆಸುಣ್ಣವಲ್ಲ. ಅಮೆರಿಕದ ಆಟಗಾರ ವಿಲಿಯಂ ಸ್ಪಿಂಕ್ಸ್ ಮತ್ತು ರಸಾಯನಶಾಸ್ತ್ರ ಬಲ್ಲ ವಿಲಿಯಂ ಹಾಸ್ಕಿನ್ಸ್ 1897ರಲ್ಲಿ ಪೇಟೆಂಟ್ ಪಡೆದಂದಿನಿಂದ ಅದರಲ್ಲಿ ಸಿಲಿಕಾದಂಥ ಒರಟು ಪುಡಿ ಸೇರಿದೆ. ಆ ಕಣಗಳು ಕಚ್ಚಿಕೊಳ್ಳಲು ತೊಗಲಿನಲ್ಲಿ ಸಣ್ಣ ಹಳ್ಳಗಳಿರಬೇಕು, ಅಷ್ಟಕ್ಕೇ ಕೆರೆಯುವುದು.

ಮಂಗಳೂರು, ಉಡುಪಿ, ಮಡಿಕೇರಿಯ ಮಳೆಗಾಲದಲ್ಲಿ ತೊಗಲು ತೇವ ಹೀರಿ ಮೆತ್ತಗಾಗುತ್ತದೆ, ಉಬ್ಬುವುದು ಹೆಚ್ಚುತ್ತದೆ. ಅಲ್ಲಿಯವರು ಒಂದು ದರ್ಜೆ ಗಟ್ಟಿ ಟಿಪ್ ಆರಿಸಿ, ಕ್ಯೂವನ್ನು ಕೇಸಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುವುದು ಒಳ್ಳೆಯದು. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಕ್ಯೂ ಬಿಡುವುದು ಎಲ್ಲ ಊರಿನಲ್ಲೂ ತಪ್ಪು. ಅಂಟೂ ಸಡಿಲ, ಮರವೂ ಬಾಗುತ್ತದೆ.

ಬದಲಿಸುವ ಹೊತ್ತು ತಿಳಿಯಲು ಬದಿಯ ಗೋಡೆ ನೋಡಿ. ಫೆರುಲ್‌ನಿಂದ ದುಂಡು ಶುರುವಾಗುವವರೆಗಿನ ಎತ್ತರ 1.5 ಮಿ.ಮೀ.ಗಿಂತ ಕಡಿಮೆಯಾದರೆ ಪೆಟ್ಟು ನೇರ ಫೆರುಲ್‌ಗೆ ಬೀಳತೊಡಗುತ್ತದೆ. ಆ ಹಂತದಲ್ಲಿ ಹೊಡೆತದ ಸದ್ದು ಬದಲಾಗಿ ಟಕ್ಕೆನ್ನುತ್ತದೆ, ಫೆರುಲ್ ಸೀಳುವ ಅಪಾಯವೂ ಇದೆ. ಹೊಸದಾಗಿ ಹಾಕಿದ ಟಿಪ್ಪೇ ಹಾಗೆ ಟಕ್ಕೆಂದರೆ ಕಾರಣ ಬೇರೆ: ಅಂಟು ಒಂದು ಬದಿಯಲ್ಲಿ ಬಿಟ್ಟಿದೆ. ಅದನ್ನು ಮತ್ತೆ ಅಂಟು ತೂರಿಸಿ ಸರಿಮಾಡಲು ಹೋಗದೆ ಪೂರ್ತಿ ತೆಗೆದು, ಎರಡೂ ಮುಖ ಉಜ್ಜಿ, ಮೊದಲಿನಿಂದ ಹಾಕಿ.